ಬ್ಯಾಂಜೋ ಭಾವನ ಮೇಲೆ ಬೇಹುಗಾರಿಕೆ

ನಮ್ಮ ಭಾವ ಸುಳ್ಳು ಹೇಳಲು ಕಲಿತದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ. ಅಷ್ಟು ತಡವಾಗಿ ಕಲಿತ ವಿದ್ಯೆ ಕೈಹಿಡಿಯುತ್ತದೆಯೇ?

ಬ್ಯಾಂಜೋ ಮಾತ್ರ ಬೇಗನೇ ಕೈಹಿಡಿದಿತ್ತು. ತಮಟೆಗೂ ತಂಬೂರಿಗೂ ಮದುವೆ ಮಾಡಿದರೆ ಹುಟ್ಟುವ ಕೂಸು ಅದು! ಹಗಲು ಅಮೆರಿಕದ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಯ ಲೆಕ್ಕ, ಸಂಜೆ ಬ್ಲೂಗ್ರಾಸ್ ಎಂಬ ಇಲ್ಲಿನ ಗುಡ್ಡಗಾಡಿನ ಸಂಗೀತ. ಹೀಗೆ ಮೂವತ್ತು ವರ್ಷ. ಆ ಸಂಗೀತದ ಮಂದಿ ಸುತ್ತುಗಟ್ಟಿ ನಿಂತು ಸರದಿಯ ಮೇಲೆ ಒಬ್ಬೊಬ್ಬರೇ ಮಿಂಚುತ್ತಾರೆ. ಬಾರಿಸಲು ಬೇಡವೆನ್ನುವವರು ಅಡ್ಡಡ್ಡ ತಲೆಯಾಡಿಸಿದರಾಯಿತು, ಸರದಿ ಮುಂದಕ್ಕೆ. ಮೈಸೂರಿನ ಕಛೇರಿ ಕೇಳಿ ಬೆಳೆದ ಭಾವ ಪಕ್ಕದವನ ಪಿಟೀಲಿಗೆ ‘ಭಲೇ’ ಎಂದು ತಲೆದೂಗಿದರು. ಆರು ತಿಂಗಳು ಅವರಿಗೆ ಸರದಿಯೇ ಸಿಗಲಿಲ್ಲ! ಆಮೇಲೆ ಕತ್ತು ಬಿಗಿಹಿಡಿದು, ತಂಡ ಕಟ್ಟಿ, ಎರಡು ಸಿ.ಡಿ.ಗಳನ್ನೂ ಹೊರತಂದರು. ಬಂಧುಗಳ ಮದುವೆ, ಗೃಹಪ್ರವೇಶ, ನಾಮಕರಣಗಳಿಗೆಲ್ಲ ಅದೇ ಉಡುಗೊರೆ.

ಕಳೆದ ತಿಂಗಳು ಇಲ್ಲೇ ಪಕ್ಕದೂರು ನ್ಯೂಕ್ಯಾಸಲ್‌ನಿಂದ ಅಕ್ಕನ ಫೋನ್. “ನಿಮ್ಮ ಭಾವ ಎರಡು ತಿಂಗಳಿಂದ ಮನೇಲಿ ಬ್ಯಾಂಜೋ ಮುಟ್ಟಿಲ್ಲ ಕಣೋ. ಶನಿವಾರ ಬಂದ್ರೆ ಸಾಕು, ಇಸ್ತ್ರಿ ಶರ್ಟು ಹಾಕ್ಕೊಂಡು, ತಂತಿ ಹಾಕಿಸ್ಬೇಕು ಅಂತ ಅದನ್ನ ಎತ್ಕೊಂಡು ಟೋಟೆಮ್ ಲೇಕ್ ಪೇಟೆಗೆ ಡ್ರೈವ್ ಮಾಡ್ತಾರೆ. ಮುಟ್ಟದೇ ಇರೋ ಬ್ಯಾಂಜೋಗೆ ವಾರವಾರ ತಂತಿ ಕಡಿಯತ್ತಾ? ಯಾರೋ ಇದ್ದಾಳೆ!”

ಸದ್ದು ನಿಲ್ಲಲೆಂದು ಅಷ್ಟೂ ವರ್ಷ ಹರಕೆ ಹೊತ್ತವಳು ಇವಳೇ! ನನಗೋ, ಫ್ರಿಜ್ಜಿನಲ್ಲಿ ಕೊತ್ತಂಬರಿ ಬಾಡಿದರೂ ನಿದ್ದೆ ಬಾರದು. ಶನಿವಾರ ಟೋಪಿ, ಕಪ್ಪು ಕನ್ನಡಕ ಧರಿಸಿ ಭಾವನನ್ನು ಹಿಂಬಾಲಿಸಿದೆ. ಮೋಡ ಕವಿದ ಆ ಮಧ್ಯಾಹ್ನ ಇಡೀ ಟೋಟೆಮ್ ಲೇಕ್‌ನಲ್ಲಿ ಕಪ್ಪು ಕನ್ನಡಕದವನು ನಾನೊಬ್ಬನೇ.

ಕಾಫಿ ಅಂಗಡಿಯ ಮೂಲೆಯಲ್ಲಿ ನಾಲ್ಕೈದು ವಾದ್ಯಗಾರರು. ಭಾವನ ಪಕ್ಕದಲ್ಲಿ ಬಿಳಿ ಜಡೆಯ ಹೆಂಗಸು. ಭಾವನ ಕೈ ಅವಳ ಕೈಯಲ್ಲಿ! ಹತ್ತಿರ ಸರಿದು ನೋಡಿದೆ. ಬ್ಯಾಂಜೋ ಮೀಟುವ ಲೋಹದ ಉಗುರುಗಳನ್ನು ಅವಳು ಒಂದೊಂದಾಗಿ ಅವರ ಬೆರಳಿಗೆ ತೊಡಿಸುತ್ತಿದ್ದಳು. ಬೆರಳುಗಳು ನಡುಗುತ್ತಿದ್ದವು.

“ಏನೋ ಪತ್ತೇದಾರ, ಕಾಫಿ ತಗೊಂಡ್ಯಾ?” ಭಾವ ತಲೆ ಎತ್ತದೆಯೇ ಕೇಳಿದರು.

“ಭಾವ, ಈ ನಡುಕ ಯಾವಾಗಿಂದ?”

“ಎರಡು ತಿಂಗಳಾಯ್ತು. ಆಗೋವಷ್ಟು ದಿನ ಬಾರಿಸ್ತಾ ಇರಿ ಅಂದ್ರು ಡಾಕ್ಟ್ರು. ಇಲ್ಲಿ ತಪ್ಪಿದ್ರೆ ಯಾರೂ ಏನೂ ಅನ್ನಲ್ಲ. ನಿಮ್ಮಕ್ಕ ಹಾಗಲ್ಲಪ್ಪ. ಈ ಸಂಗೀತಾನೇ ಬೇಡ ಅಂತಾಳೆ, ತಪ್ಪನ್ನ ಮಾತ್ರ ಅಡುಗೆಮನೆಯಿಂದ್ಲೇ ಹಿಡೀತಾಳೆ. ಒಂದು ಸಲ ಕೇಳಿದ್ರೆ ಅವಳಿಗೆ ಎಲ್ಲಾ ಗೊತ್ತಾಗ್ಬಿಡತ್ತೆ.”

ಅಕ್ಕನಿಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡರು. ಪಾರ್ಕಿಂಗ್ ದಾಟುವಷ್ಟರಲ್ಲಿ ನಾನು ಫೋನಿನಲ್ಲಿ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದೆ.

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು.

“ಮನೇಲೇ ಬಾರಿಸೋಕೆ ಹೇಳೋ. ನಾನು ಮಿಕ್ಸಿ ಹಾಕ್ಕೊಂಡಿರ್ತೀನಿ.”