ಬಾಯಲ್ಲಿ ಓಡಿಸಿದ ಮಿಲಿಟರಿ ಟ್ರಕ್ಕು

ಹಳೇ ಟ್ರಕ್ಕಿನ ಸಹವಾಸ ಮಾಡಿದವರಿಗೆ ನಿವೃತ್ತಿ ಅನ್ನುವುದು ಇಲ್ಲ. ನಾವು ಗಾಡಿಯನ್ನು ಬಿಟ್ಟು ಬಂದರೂ ಗಾಡಿ ನಮ್ಮನ್ನು ಬಿಡುವುದಿಲ್ಲ. ನಮ್ಮದಂತೂ ಹಿಮಾಲಯದಿಂದ ಸಿಂಗಾಪುರದವರೆಗೆ ಬಂದು, ಸೆಂಗ್‌ಕಾಂಗಿನ ಫ್ಲ್ಯಾಟಿನಲ್ಲಿ ದಿನಾ ಬೆಳಿಗ್ಗೆ ನನ್ನ ಕಾಫಿ ಆರಿಸುತ್ತದೆ.

ನಾನು ಚಿತ್ರದುರ್ಗದವಳು. ಬಿಸಿಲಲ್ಲಿ ಹುಟ್ಟಿ ಬಿಸಿಲಲ್ಲೇ ಬೆಳೆದವಳು. ನಮ್ಮ ಯಜಮಾನರು ಮಿಲಿಟರಿಯಲ್ಲಿ ಮೆಕ್ಯಾನಿಕ್ ಆಗಿದ್ದರು. ಅವರು ಪಿಂಚಣಿಗೆ ಬಂದ ವರ್ಷ, ಹಿಮಾಚಲದಲ್ಲಿ ಒಂದು ಘಾಟಿಯ ಆಚೆಗಿರುವ ಹಳ್ಳಿಯವರು ಮಿಲಿಟರಿ ಹರಾಜಿನಲ್ಲಿ ಒಂದಷ್ಟು ಹಳೇ ಟ್ರಕ್ಕು ಕೊಂಡರು. "ಉಸ್ತಾದ್, ಒಂದು ಚಳಿಗಾಲ ಇದ್ದು ಇವನ್ನು ಓಡುವ ಹಾಗೆ ಮಾಡಿಕೊಡಿ" ಎಂದು ಇವರನ್ನು ಕರೆದರು. "ಒಂದೇ ಚಳಿಗಾಲ ಕಣೇ" ಎಂದು ಇವರು ನನ್ನನ್ನು ಕರೆದುಕೊಂಡು ಹೋದರು. ಆ ಒಂದು ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮ ಮಗಳು ಅಲ್ಲೇ ಹುಟ್ಟಿ, ಓದಿ, ಇಂಜಿನಿಯರಾಗಿ, ಸಿಂಗಾಪುರದ ಜುರಾಂಗ್ ಐಲ್ಯಾಂಡಿನಲ್ಲಿ ಕೆಲಸಕ್ಕೆ ಸೇರಿ, ಅವಳ ಮಗಳು ಶಾಲೆಗೆ ಹೋಗುತ್ತಿದ್ದಳು. ಮಂಡಿಗಳು ಇನ್ನು ಚಳಿ ತಡೆಯುವುದಿಲ್ಲ ಅಂದಾಗ ನಾವೂ ಇಲ್ಲಿಗೆ ಬಂದೆವು.

ಅಲ್ಲಿ ಈಗ ಓಡುವ ಸ್ಥಿತಿಯಲ್ಲಿ ಉಳಿದಿರುವುದು ಒಂದೇ ಟ್ರಕ್ಕು. ಹೊಸ ಗಾಡಿ ತಂದು ನೋಡಿದರು. ಅದು ಆ ಚಳಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಹತ್ತಿಸಿಕೊಂಡು ಕೂತುಬಿಟ್ಟಿತು. ಹಿಮ ಬಿದ್ದು ಘಾಟಿ ಮುಚ್ಚುವ ಮುಂಚೆ ಈ ಮುದಿ ಟ್ರಕ್ಕೇ ಊರಿನ ಗೋಧಿ ಹಿಟ್ಟು, ಸೀಮೆಎಣ್ಣೆ ಎಲ್ಲವನ್ನೂ ಹೊತ್ತು ತರಬೇಕು. ಕೊನೇ ಲೋಡು ಆಚೆಯೇ ಉಳಿದರೆ ಬೇಸಿಗೆವರೆಗೆ ಊರಿಗೆ ಊರೇ ಬಾರ್ಲಿ ಗಂಜಿ ಕುಡಿದುಕೊಂಡು ನಡುಗಬೇಕು. ಅದಕ್ಕೇ ಪ್ರತಿ ವರ್ಷ ದಸರಾ ಮುಗಿದ ಮೇಲೆ ಅಲ್ಲಿನ ಡ್ರೈವರನ ಫೋನು ಶುರು. ಫೋನು ಮಾಡುವುದು ಇವರಿಗೆ, ಕೆಲಸ ನನಗೆ. ಯಾಕೆಂದು ಹೇಳುತ್ತೇನೆ.

ಕೆಮ್ಮು

ಜೀವಮಾನವೆಲ್ಲ ಇಂಜಿನ್ನಿನೊಳಗೆ ತಲೆಯಿಟ್ಟು ಇಟ್ಟು ಇವರ ಕಿವಿ ಹೋಯಿತು. ಮೆಕ್ಯಾನಿಕ್ಕಿಗೆ ಕಣ್ಣು ಮಂಜಾದರೂ ನಡೆದೀತು, ಕಿವಿ ಹೋದರೆ ಆಗದು. ಗಾಡಿ ತನ್ನ ಕಾಯಿಲೆಯನ್ನು ಸದ್ದಿನಲ್ಲೇ ಹೇಳಿಕೊಳ್ಳುವುದು. ಆಗ ಇವರು ಒಂದು ದಾರಿ ಕಂಡುಕೊಂಡರು. ಗಾಡಿಯ ಪಕ್ಕ ನಾನು ನಿಲ್ಲಬೇಕು, ಸದ್ದು ಕೇಳಿಸಿಕೊಳ್ಳಬೇಕು, ಆಮೇಲೆ ಇವರ ಬಲಗಿವಿಗೆ ಬಾಯಿ ಹಚ್ಚಿ ಅದೇ ಸದ್ದು ಮಾಡಿ ತೋರಿಸಬೇಕು. ಮದುವೆಗೆ ಮುಂಚೆ ಸಂಗೀತ ಕಲಿತಿದ್ದೆ. ಅದು ಇದಕ್ಕೆ ಉಪಯೋಗಕ್ಕೆ ಬಂತು.

ಒಂದು ದಿನ ಅಂಗಳದಲ್ಲಿ ನಿಂತು "ಗುರ್ರ್ ಗುರ್ರ್ ಖೊಕ್, ಗುರ್ರ್ ಗುರ್ರ್ ಖೊಕ್" ಎಂದು ಇವರಿಗೆ ಹೇಳುತ್ತಿದ್ದೆ. ಊರಿಗೆ ಹೊಸದಾಗಿ ಬಂದಿದ್ದ ಕಾಂಪೌಂಡರು ಅದೇ ದಾರಿಯಲ್ಲಿ ಹೋಗುತ್ತಿದ್ದವನು ಓಡಿಬಂದ. "ಅಮ್ಮಾಜಿ, ಇಷ್ಟು ಕೆಟ್ಟ ಕೆಮ್ಮು ಇಟ್ಟುಕೊಂಡು ಹೊರಗೆ ನಿಂತಿದ್ದೀರಲ್ಲ!" ಎಂದು ಚೀಲದಿಂದ ಸಿರಪ್ಪಿನ ಬಾಟಲಿ ತೆಗೆದ.

"ಕೆಮ್ಮು ನನ್ನದಲ್ಲಪ್ಪ, ಗಾಡಿದು" ಅಂದೆ.

ಅವನು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದ. ಬಾಟಲಿಯ ಮುಚ್ಚಳ ಹಾಕಲಿಲ್ಲ. "ಹಾಗಾದ್ರೆ ದೊಡ್ಡವರ ಡೋಸೇ ಬೇಕಾಗುತ್ತೆ" ಅಂದ.

ರಜಾಯಿ

ಆ ಊರಿನಲ್ಲಿ ಟ್ರಕ್ಕು ಸಾಕುವುದು ಬಾಣಂತಿ ಸಾಕಿದ ಹಾಗೆ. ಸಂಜೆ ರೇಡಿಯೇಟರಿನ ನೀರು ಬಸಿಯಬೇಕು, ಇಲ್ಲದಿದ್ದರೆ ಅದು ಮಂಜುಗಡ್ಡೆಯಾಗಿ ಒಡೆಯುತ್ತದೆ. ಹ್ಯಾಂಡ್‌ಬ್ರೇಕ್ ಹಾಕಬಾರದು, ಹಾಕಿದರೆ ಹಿಡಿದುಕೊಂಡು ಬಿಡುತ್ತದೆ. ಚಕ್ರಕ್ಕೆ ಕಲ್ಲು ಕೊಡಬೇಕು. ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂದು, ಒಲೆಯ ಪಕ್ಕ ಮಲಗಿಸಿ, ಮನೆಯಲ್ಲಿರುವ ದಪ್ಪನೆಯ ರಜಾಯಿ ಹೊದಿಸಬೇಕು. ಬೆಳಿಗ್ಗೆ ಗಾಡಿಗೆ ಬಿಸಿನೀರು ಹುಯ್ದು, ಅಡಿಯಲ್ಲಿ ಬಾಣಲೆಯಷ್ಟು ಕೆಂಡ ಇಟ್ಟು, ಆಮೇಲೆ ಬ್ಯಾಟರಿಯನ್ನು ಎತ್ತಿಕೊಂಡು ಹೋಗಿ ಕೂರಿಸಬೇಕು.

ಒಮ್ಮೆ ಇವರ ತಂಗಿ ದಾವಣಗೆರೆಯಿಂದ ನಮ್ಮನ್ನು ನೋಡಲು ಬಂದರು. ಮೊದಲ ದಿನವೇ ಹಲ್ಲು ಕಟಕಟಿಸಿಕೊಂಡು ಕೂತರು. ಕಣ್ಣು ಮಾತ್ರ ಒಲೆಯ ಕಡೆಗೇ.

"ಅತ್ತಿಗೆ, ಆ ದಪ್ಪ ರಜಾಯಿ ಹೊದ್ದುಕೊಂಡು ಅಲ್ಲಿ ಮಲಗಿರೋರು ಯಾರು?"

"ಬ್ಯಾಟರಿ" ಅಂದೆ.

ನಾದಿನಿ ಎದ್ದು ಹೋಗಿ ರಜಾಯಿ ಎತ್ತಿ ನೋಡಿ, ಅಣ್ಣನ ಮುಂದೆ ನಿಂತು ಕೂಗಿದರು. "ಅಣ್ಣಾ, ಒಡಹುಟ್ಟಿದ ತಂಗಿಗೆ ತೆಳ್ಳನೆ ಕಂಬಳಿ, ಈ ಡಬ್ಬಕ್ಕೆ ರಜಾಯಿ! ನನಗಿಂತ ಅದು ಹೆಚ್ಚಾಯ್ತಾ?"

ಕೂಗಿದ್ದರಿಂದ ಇವರಿಗೆ ಕೇಳಿಸಿತು. ಬಹಳ ಸಮಾಧಾನದಿಂದ ಉತ್ತರ ಕೊಟ್ಟರು. "ಕೋಪ ಮಾಡ್ಕೋಬೇಡಮ್ಮ. ನೀನು ಬೆಳಿಗ್ಗೆ ಸ್ಟಾರ್ಟ್ ಆಗದಿದ್ರೆ ಊರಿಗೇನೂ ತೊಂದರೆ ಇಲ್ಲ."

ವ್ಯಾಯಾಮ

ಈ ವರ್ಷದ ಕತೆಗೆ ಬರುತ್ತೇನೆ. ಡ್ರೈವರ್ ಗಾಡಿ ಸ್ಟಾರ್ಟ್ ಮಾಡುವ ಹೊತ್ತು ಅಂದರೆ ನಮಗೆ ಇಲ್ಲಿ ತಿಂಡಿಯ ಹೊತ್ತು. ಅವನು ಫೋನನ್ನು ಇಂಜಿನ್ನಿಗೆ ಹಿಡಿಯುತ್ತಾನೆ, ನಾನು ಕೇಳಿಸಿಕೊಂಡು ಇವರ ಕಿವಿಯಲ್ಲಿ ಇಂಜಿನ್ ಆಗುತ್ತೇನೆ. ಮಗಳಿಗೆ ಕೆಲವು ದಿನ ಮನೆಯಿಂದಲೇ ಕೆಲಸ. "ಅಮ್ಮ, ಮೀಟಿಂಗ್‌ನಲ್ಲಿ ಎಲ್ರೂ ಕೇಳ್ತಿದಾರೆ, ನಿಮ್ಮನೇಲಿ ರಿನೋವೇಷನ್ನಾ ಅಂತ" ಎಂದು ಅವಳು ಕೈ ಮುಗಿದಳು. ಮೊಮ್ಮಗಳು ಅಷ್ಟೂ ಮಾಡಲಿಲ್ಲ. "ಅಜ್ಜಿ, too loud lah" ಎಂದು ಬಾಗಿಲು ತೆರೆದು ತೋರಿಸಿದಳು.

ಹಾಗಾಗಿ ನಾವಿಬ್ಬರೂ ಕೆಳಗಿಳಿದೆವು. ಇಲ್ಲಿ ಕಟ್ಟಡಗಳ ಕೆಳಗೆ ಬರೀ ಕಂಬಗಳಿರುವ ಖಾಲಿ ಜಾಗ ಬಿಟ್ಟಿರುತ್ತಾರೆ, ವಾಯ್ಡ್ ಡೆಕ್ ಅನ್ನುತ್ತಾರೆ. ಅಲ್ಲಿ ಕಲ್ಲುಬೆಂಚಿನ ಮೇಲೆ ಇವರನ್ನು ಕೂರಿಸಿ, ಸೊಂಟಕ್ಕೆ ಒಂದು ಕೈ ಕೊಟ್ಟು, ಮೊಣಕಾಲು ಬಗ್ಗಿಸಿ, ಇವರ ಕಿವಿಗೆ ಬಾಗಿ "ಗುರ್ರ್ ಗುರ್ರ್ ಟಪ್, ಗುರ್ರ್ ಗುರ್ರ್ ಟಪ್" ಅನ್ನುತ್ತಿದ್ದೆ. ಆಚೆ ನಾಲ್ಕಾರು ಚೀನೀ ಆಂಟಿಯರು ನಿಧಾನವಾಗಿ ಕೈ ಬೀಸುತ್ತಾ ವ್ಯಾಯಾಮ ಮಾಡುತ್ತಿದ್ದರು. ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಬೆನ್ನ ಹಿಂದೆಯೂ "ಗುರ್ರ್ ಗುರ್ರ್ ಟಪ್" ಕೇಳಿಸಿತು. ತಿರುಗಿ ನೋಡಿದರೆ ಆಂಟಿಯರೆಲ್ಲ ಸೊಂಟಕ್ಕೆ ಕೈ ಕೊಟ್ಟು, ಮೊಣಕಾಲು ಬಗ್ಗಿಸಿ ಸಾಲಾಗಿ ನಿಂತಿದ್ದಾರೆ. ಮುಂದಿದ್ದವರು ಕೇಳಿದರು, "ಇಂಡಿಯನ್ ಯೋಗಾ ಅಲ್ವಾ? ಶ್ವಾಸಕೋಶಕ್ಕೆ ಒಳ್ಳೇದಾ?"

ಏನು ಹೇಳುವುದು? "ಡೀಸೆಲ್ಲಿಗೆ ಒಳ್ಳೇದು" ಅನ್ನಲಾಗುತ್ತದೆಯೇ? ಹೂಂ ಅಂದೆ.

ಅಷ್ಟು ಜನ ಒಟ್ಟಿಗೆ ಸದ್ದು ಮಾಡಿದಾಗ ಇವರ ಕಿವಿಗೂ ಅದು ಸ್ವಲ್ಪ ಹೋಯಿತು. ಇವರ ಮುಖ ಅರಳಿತು. "ಏನೇ ಇದು, ಕಾನ್ವಾಯ್ ಬಂದ ಹಾಗಿದೆ! ಹಿಂದಿಂದ ಎರಡನೇ ಗಾಡಿಗೆ ಆಯಿಲ್ ನೋಡೋಕೆ ಹೇಳು."

ಹೆಸರು, ನಕ್ಷತ್ರ

ಅಂತೂ ಟ್ರಕ್ಕು ಘಾಟಿ ಇಳಿದು ಕೊನೇ ಲೋಡು ತರಲು ಹೋಯಿತು. ಇನ್ನು ಹತ್ತಿ ವಾಪಸ್ ಬರಬೇಕು. ಆ ವಾರವೇ ಹಿಮ ಬೀಳಬಹುದೆಂದು ಹೇಳುತ್ತಿದ್ದರು. ನನಗೆ ಮನಸ್ಸು ತಡೆಯಲಿಲ್ಲ. ಇವರ ಜೊತೆ ಲಿಟಲ್ ಇಂಡಿಯಾಗೆ ಸಾಮಾನು ತರಲು ಹೋದಾಗ ಅಲ್ಲಿನ ಒಂದು ದೇವಸ್ಥಾನಕ್ಕೆ ಹೋಗಿ ಅರ್ಚನೆಗೆ ನಿಂತೆ.

"ಯಾರ ಹೆಸರಿಗಮ್ಮ?" ತಮಿಳು ಅರ್ಚಕರು ಕೇಳಿದರು.

"ಒಂದು ಗಾಡಿಗೆ" ಅಂದೆ.

ಅವರಿಗೆ ಇದು ಹೊಸದಲ್ಲ. ಇಲ್ಲಿ ಕಾರಿಗೆ ಹತ್ತು ವರ್ಷಕ್ಕೆಂದು ಪರವಾನಗಿ ಕೊಡುತ್ತಾರೆ, ಅದು ಮುಗಿದರೆ ಹೆಚ್ಚಿನವು ಗುಜರಿಗೆ. ಹಾಗಾಗಿ ಅವರು ರೂಢಿಯಂತೆ, "ಎಷ್ಟು ವರ್ಷ ಆಯ್ತು? ಮೂರಾ? ನಾಲ್ಕಾ?" ಅಂದರು.

"ಅರವತ್ತರ ಹತ್ತಿರ."

ಅರ್ಚಕರು ಹೂವಿನ ತಟ್ಟೆ ಕೆಳಗಿಟ್ಟರು. "ಇನ್ನೂ ಓಡುತ್ತಾ?"

"ಮೊನ್ನೆ ಘಾಟಿ ಇಳಿದಿದೆ. ಇನ್ನು ಹತ್ತಬೇಕು ಸ್ವಾಮಿ."

"ಹಾಗಾದ್ರೆ ಅರ್ಚನೆ ಸಾಲದಮ್ಮಾ. ಷಷ್ಟ್ಯಬ್ದಿ ಶಾಂತಿ ಮಾಡಿಸಬೇಕು" ಎಂದು ನಕ್ಕರು. "ಗಾಡಿಯ ಧರ್ಮಪತ್ನಿ ಯಾರಾದ್ರೂ ಇದ್ರೆ ಮುಂದೆ ಬರಲಿ."

ಇವರಿಗೆ ಇದೊಂದೂ ಕೇಳಿಸಿರಲಿಲ್ಲ. ಅರ್ಚಕರು ಕೈ ಮುಂದೆ ಚಾಚಿದ್ದು ಮಾತ್ರ ಕಂಡಿತು. ತೀರ್ಥ ಕೊಡುತ್ತಿದ್ದಾರೆ ಅಂದುಕೊಂಡು ನನ್ನ ಭುಜ ಹಿಡಿದು ಮುಂದಕ್ಕೆ ತಳ್ಳಿದರು. "ಹೋಗೇ, ನಿನ್ನನ್ನೇ ಕರೀತಿದಾರೆ."

ಕಿವಿಗೆ ಮಷೀನು

ನನ್ನ ಅವಸ್ಥೆ ನೋಡಿ ಮಗಳಿಗೆ ಸಾಕಾಯಿತು. "ಅಪ್ಪಂಗೆ ಹಿಯರಿಂಗ್ ಏಡ್ ಹಾಕಿಸಿಬಿಡೋಣ ಅಮ್ಮ. ಗಾಡಿ ಸದ್ದು ಅಪ್ಪನೇ ಕೇಳಿಸ್ಕೊಳ್ಳಲಿ, ನಿನ್ನ ಗಂಟಲಿಗೂ ರೆಸ್ಟ್ ಸಿಗುತ್ತೆ" ಎಂದು ರಜೆ ಹಾಕಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಗಡಿಬಿಡಿಯಲ್ಲೂ ಅಂದು ಕಾಫಿ ಕುಡಿದೇ ಹೊರಟೆ ನಾನು. ಮನಸ್ಸು ಹಗುರವಾಗಿತ್ತು. ಇನ್ನು ಮುಂದೆ ಬೆಳಿಗ್ಗೆ ಹೆಂಗಸಾಗಿಯೇ ಇರಬಹುದು, ಇಂಜಿನ್ ಆಗಬೇಕಿಲ್ಲ.

ಸದ್ದು ಒಳಗೆ ಬಾರದಂತೆ ಕಟ್ಟಿದ ಒಂದು ಕೋಣೆ. ಅಲ್ಲಿದ್ದ ಹುಡುಗಿ, ಕಿವಿ ಪರೀಕ್ಷೆಯವಳು, ಇವರಿಗೆ ಒಂದು ವಾರ ಬಳಸಿ ನೋಡಲು ಕಡಲೆಕಾಳಿನಷ್ಟು ಮಷೀನು ಕೂರಿಸಿದಳು.

"ಕೇಳಿಸ್ತಿದೆಯೇನ್ರೀ?" ಎಂದೆ ನನ್ನ ಎಂದಿನ ಧ್ವನಿಯಲ್ಲಿ.

ಇವರು ಕುರ್ಚಿಯಿಂದ ಹಾರಿಬಿದ್ದರು. "ಯಾಕೆ ಹೀಗೆ ಕಿರುಚ್ತೀಯೇ? ನನಗೇನು ಕಿವುಡಾ?"

ಅಷ್ಟರಲ್ಲಿ ಡ್ರೈವರನ ಫೋನು. ಲೋಡು ಹೊತ್ತ ಟ್ರಕ್ಕು ಘಾಟಿಯ ನೆತ್ತಿಗೆ ಇನ್ನೊಂದೇ ತಿರುವು ಇರುವಾಗ ನಿಂತುಬಿಟ್ಟಿದೆ. "ಅಮ್ಮಾಜಿ, ಸ್ಟಾರ್ಟ್ ಆಗುತ್ತೆ, ಸತ್ತುಹೋಗುತ್ತೆ. ಮೇಲೆ ಮೋಡ ಕಪ್ಪಾಗಿದೆ. ಈಗ ದಾಟದಿದ್ರೆ ಮುಗೀತು!"

ಮಗಳು ಗೆದ್ದವಳ ಹಾಗೆ ಫೋನನ್ನು ನೇರವಾಗಿ ಅಪ್ಪನ ಕಿವಿಗೆ ಹಿಡಿದಳು. ಇವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಎಷ್ಟೋ ವರ್ಷದ ಮೇಲೆ ತಮ್ಮ ಟ್ರಕ್ಕಿನ ಧ್ವನಿ. ನನ್ನ ಕಣ್ಣಲ್ಲಿ ನೀರೇ ಬಂತು. ಇವರು ಕಣ್ಣು ಬಿಟ್ಟು ಕೇಳಿದರು.

"ಇದು ಯಾರ ಗಾಡಿ?"

"ನಮ್ಮದೇ ಅಪ್ಪ!"

"ಅಲ್ಲ. ನಮ್ಮ ಗಾಡಿ ಹೀಗೆ ಸದ್ದು ಮಾಡಲ್ಲ."

ಇನ್ನೊಮ್ಮೆ ಕೇಳಿಸಿದಳು. ಇವರು ತಲೆ ಅಲ್ಲಾಡಿಸಿದರು. ಅತ್ತ ಡ್ರೈವರು "ಉಸ್ತಾದ್, ಹಿಮ ಉದುರ್ತಾ ಇದೆ" ಎಂದು ಕೂಗುತ್ತಿದ್ದಾನೆ. ಇವರು ಮಷೀನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, ಬಲಗಿವಿಯನ್ನು ನನ್ನ ಕಡೆ ತಿರುಗಿಸಿದರು. "ಅದು ಅರ್ಥ ಆಗಲ್ಲ. ನೀನು ಮಾಡು."

ಮಾಡಿದೆ. ಇನ್ನೇನು ಮಾಡಲಿ? ಫೋನು ನನ್ನ ಕಿವಿಗೆ, ಬಾಯಿ ಅವರ ಕಿವಿಗೆ. "ಗುರ್ರ್ ಗುರ್ರ್ ಗುರ್ರ್... ಪುಸ್ಸ್."

"ಪುಸ್ಸ್ ಉದ್ದನೋ ಗಿಡ್ಡನೋ?"

"ಉದ್ದ. ಪುಸ್ಸ್ಸ್ಸ್ಸ್."

"ಡೀಸೆಲ್ ಪೈಪಲ್ಲಿ ಗಾಳಿ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಲ್ಲೋವರೆಗೂ ಕೈಪಂಪು ಒತ್ತೋಕೆ ಹೇಳು."

ಹೇಳಿದೆ. ಆ ಕಡೆ ಗಾಳಿಯ ಸದ್ದು, ಡ್ರೈವರನ ಬೈಗುಳ, ಪಂಪಿನ ಸದ್ದು. ಆಮೇಲೆ ಟ್ರಕ್ಕು ಎದ್ದಿತು. ಮಗಳು ಕುಣಿದಳು. ಇವರು ಮಾತ್ರ ಕಿವಿ ಒಡ್ಡಿಕೊಂಡೇ ಕೂತಿದ್ದರು. ಯಾರೂ ಇನ್ನೂ ಅವರಿಗೆ ತಿಳಿಸಿರಲಿಲ್ಲವಲ್ಲ. ಮತ್ತೆ ಬಾಗಿ "ಧಡ ಧಡ ಧಡ ಧಡ" ಎಂದೆ. "ಇನ್ನೂ ಸ್ವಲ್ಪ ಹೊತ್ತು ಓಡಿಸು, ಮಧ್ಯೆ ತಪ್ಪುತ್ತಾ ನೋಡೋಣ" ಅಂದರು. ಓಡಿಸಿದೆ.

ಸಂಜೆ ಡ್ರೈವರು ಫೋಟೋ ಕಳಿಸಿದ. ಊರ ಚೌಕದಲ್ಲಿ ಹಿಟ್ಟಿನ ಮೂಟೆಗಳು, ಅವುಗಳ ಮೇಲೆ ಬಿಳಿ ಹಿಮ. ಮರುದಿನ ಘಾಟಿ ಮುಚ್ಚಿತು. ಟ್ರಕ್ಕು ನಿದ್ದೆಗೆ, ಬ್ಯಾಟರಿ ರಜಾಯಿಗೆ.

ಮುಂದಿನ ವಾರ ಮಷೀನು ವಾಪಸ್ ಕೊಡಲು ಹೋದೆವು. ಇವರು ಅದನ್ನು ಜೇಬಿನಿಂದ ಹೊರಗೆ ತೆಗೆದಿರಲೇ ಇಲ್ಲ. ಆ ಹುಡುಗಿ ಬೇಸರ ಮಾಡಿಕೊಳ್ಳದೆ ಕೇಳಿದಳು, "ಅಂಕಲ್ ಮೊದಲೇ ಬೇರೆ ಯಾವುದೋ ಮಷೀನಿಗೆ ಅಭ್ಯಾಸ ಆಗಿರಬೇಕು. ಯಾವುದು ಅದು?"

ಮಗಳು ಅದನ್ನು ಅಪ್ಪನ ಕಿವಿಯಲ್ಲಿ ಕೂಗಿ ಹೇಳಿದಳು. ಇವರು ನನ್ನ ಕಡೆ ಬೆರಳು ತೋರಿಸಿದರು.

"ಇದೇ. ಚಿತ್ರದುರ್ಗದ್ದು, ಹಳೇ ಮಾಡೆಲ್ಲು. ಸದ್ದು ಜಾಸ್ತಿ, ಆದ್ರೆ ಒಂದಿನವೂ ದಾರಿ ಮಧ್ಯೆ ಕೈ ಕೊಟ್ಟಿಲ್ಲ. ಬೆಳಿಗ್ಗೆ ಕಾಫಿ ಹುಯ್ಯದಿದ್ರೆ ಮಾತ್ರ ಸ್ಟಾರ್ಟ್ ಆಗಲ್ಲ."