ನಡುಕ ಹುಡುಕಿ ಹೊರಟ ಕಾಕಾ

ನಮ್ಮ ಕಾಕಾನಷ್ಟು ಗಟ್ಟಿ ಮನುಷ್ಯ ಹೈದರಾಬಾದಿನ ಇಡೀ ಕೂಕಟ್‌ಪಲ್ಲಿಯಲ್ಲಿ ಇನ್ನೊಬ್ಬರಿಲ್ಲ. ಅಂಥವರು ಊರೆಲ್ಲ ಹುಡುಕಿದ್ದು ಮಾತ್ರ ನಡುಕವನ್ನು!

ಕಾಯಿಲೆ ಬಂದು ಹೋದಮೇಲೆ ಅವರ ಹೆಂಡತಿ, ನಮ್ಮ ಕಾಕುವಿನ ಬಲಗೈ ನಡುಗತೊಡಗಿತು. ಒಂದು ಬೆಳಿಗ್ಗೆ ಬಾಗಿಲ ಮುಂದಿನ ರಂಗೋಲಿ ಸೊಟ್ಟಗಾಯಿತೆಂದು ಅಳಿಸಿ, ಪ್ಲಾಸ್ಟಿಕ್ ರಂಗೋಲಿ ಅಂಟಿಸಿಬಿಟ್ಟರು.

"ಹಿಟ್ಟಿನ ರಂಗೋಲಿನ ಹಾಕು" ಎಂದರು ಕಾಕಾ.

"ಬ್ಯಾಡ್ರಿ, ಮಂದಿ ನಗತಾರ."

"ನಗತಾರ? ನಡುಗೋ ಗೆರಿನ ರೊಕ್ಕಾ ಕೊಟ್ಟು ತಗೋತಾರ, ನೋಡ್ತಿರು!"

ಅಷ್ಟೇ! ಬಟ್ಟೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಕಂಪ್ಯೂಟರಿಗೆ ರಂಗೋಲಿ ಕಲಿಸಲು ಕುಳಿತರು. ಚುಕ್ಕಿ ಇಡುವುದು, ಗೆರೆ ಎಳೆಯುವುದು ಪ್ರೋಗ್ರಾಮಿನ ಕೆಲಸ. ಅದಕ್ಕೆ ಜೋಡಿಸಿದ ಫೋನು ಹೇಗೆ ನಡುಗಿತೋ ಗೆರೆಯೂ ಹಾಗೆ ನಡುಗಬೇಕು. ಒಂದರಂತೆ ಇನ್ನೊಂದಿಲ್ಲ. ಆನ್‌ಲೈನಿನಲ್ಲಿ ಕೊಂಡವರು ಆ ಚಿತ್ರವನ್ನು ಇಳಿಸಿಕೊಳ್ಳಬಹುದು.

ಮೊದಲು ಫೋನನ್ನು ಮಿಕ್ಸರಿಗೆ ಕಟ್ಟಿದರು.

"ಚಟ್ನಿ ಆತ್ರಿ, ಬಂದ್ ಮಾಡ್ರಿ!"

"ತಡಿ, ಕಲಾ ಆಗಾಕತ್ತೈತಿ!"

ಕಲೆ ಮುಗಿಯುವಷ್ಟರಲ್ಲಿ ಚಟ್ನಿ ಸಾರಾಗಿತ್ತು!

ಆ ಚಿತ್ರವನ್ನು ಕೊಂಡದ್ದು ಮೇಲಿನ ಮನೆಯ ತೆಲುಗು ಅಮ್ಮ ಒಬ್ಬರೇ. ಮರುದಿನ ಬಟ್ಟಲು ಹಿಡಿದು ಬಾಗಿಲಿಗೇ ಬಂದರು: ಚಿತ್ರ ಬಂತು, ಅದರ ಜೊತೆಗಿನ ಹಿಟ್ಟೆಲ್ಲಿ?

ಆಮೇಲೆ ಆಟೋ. ಗುಂಡಿಗಳಿರುವ ದಾರಿಯಲ್ಲೇ ತಾರ್ನಾಕಕ್ಕೆ ಬಿಡು ಎಂದರೆ ಡ್ರೈವರ್ ಬೆರಗಾದ: "ಚಚಾ, ದೂಸ್ರಾ ರಾಸ್ತಾ ಹೈಚ್ ಕಿಧರ್?" ಬೇರೆ ದಾರಿ ಇದ್ದರಲ್ಲವೇ! ಸೊಂಟ ನೋವು ಬಂತು, ಗಿರಾಕಿ ಬರಲಿಲ್ಲ.

"ಇವೆಲ್ಲಾ ಮಷೀನಿನ ನಡುಕ, ಜೀವ ಇಲ್ಲ. ಗಾಳಿ ಬೇಕು" ಎಂದು ಕಾಕಾ ಟೆರೇಸಿಗೆ ನಡೆದರು. ಮೋಟುಗೋಡೆಯಾಚೆ ಬಾಗಿದ್ದ ಆಂಟೆನಾ ಕಂಬಕ್ಕೆ ಫೋನು ಕಟ್ಟಬೇಕಂತೆ. ನಾನು ಹಿಂದೆಯೇ ಓಡುವಷ್ಟರಲ್ಲಿ ಗೋಡೆ ಹತ್ತಿಬಿಟ್ಟಿದ್ದರು.

"ಕಾಕಾ, ಇಳೀರಿ!"

"ಸುಮ್ಮನಿರಲೇ ತಮ್ಮಾ, ಗಾಳಿ ಚಲೋ ಐತಿ."

ಕಾಲು ಜಾರಿತು. ನನ್ನ ಕೈಗೆ ಸಿಕ್ಕಿದ್ದು ಅವರ ಪೈಜಾಮದ ಲಾಡಿ! ಹೇಗೆ ಎಳೆದೆನೋ, ಇಬ್ಬರೂ ಒಳಗೆ ಬಿದ್ದೆವು. ಅವರ ಒಂದು ಚಪ್ಪಲಿ ಮಾತ್ರ ಹೊರಗೆ ಹೋಯಿತು. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಚಪ್ಪಲಿ ಬೀಳುತ್ತಲೇ ಇದೆ, ಇನ್ನೂ ನೆಲ ಮುಟ್ಟಿಲ್ಲ.

ನಾನು ಗಡಗಡ ನಡುಗುತ್ತಿದ್ದೆ. ಕಾಕಾ ನನ್ನ ಕೈ ನೋಡಿದರು. ಮುಖ ಅರಳಿತು!

"ಲೇ, ಫೋನ್ ಹಿಡಿ! ನಿಲ್ಲಿಸಬ್ಯಾಡ, ಹಂಗ ನಡುಗು!"

ಎರಡೂ ಕೈಯಲ್ಲಿ ಫೋನು ಹಿಡಿದೆ.

ಆ ಚಿತ್ರ ಸಂಜೆಯೊಳಗೆ ಮಾರಾಟವಾಯಿತು. ಕೊಂಡದ್ದು ಯಾವುದೋ ಊರಿನ, ಯಾರೋ ಗುರುತಿಲ್ಲದವರು. 'ಈ ಗೆರೆ ಉಸಿರಾಡುತ್ತಿದೆ' ಎಂದೂ ಬರೆದಿದ್ದರು. ಕಾಕಾ ಓಡಿಹೋಗಿ ಫೋನನ್ನು ಕಾಕುವಿನ ಮುಂದೆ ಹಿಡಿದರು.

ಕಾಕು ಫೋನನ್ನು ಕಣ್ಣ ಹತ್ತಿರ ತಂದು ನೋಡಿದರು. "ಯಾರ ಕೈರಿ ಇದು?"

"ಇವಂದು. ಅಂಜಿದ್ದ."

"ಇಷ್ಟು ಕೆಟ್ಟ ನಡುಕಕ್ಕ ಗಿರಾಕಿ ಬಂದಾರ?" ಕಾಕು ಸೆರಗು ಸಿಕ್ಕಿಸಿಕೊಂಡರು. "ಸರೀರಿ ಅತ್ತಾಗ. ನನ್ನ ಕೈ ಇದಕ್ಕಿಂತ ಚಂದ ನಡಗತೈತಿ."

ಬಾಗಿಲ ಬಳಿ ಕೂತು, ಪ್ಲಾಸ್ಟಿಕ್ಕಿನ ಅಂಚನ್ನು ಉಗುರಿನಿಂದ ಎಬ್ಬಿಸತೊಡಗಿದರು. ಕಾಕಾ ಮೇಲಿನ ಮನೆಯಿಂದ ಹಿಟ್ಟು ಕೇಳಿ ತಂದು ಪಕ್ಕದಲ್ಲಿ ನಿಂತರು. ಆ ಗಟ್ಟಿ ಮನುಷ್ಯನ ಕೈಯಲ್ಲಿ ಬಟ್ಟಲು ಸಣ್ಣಗೆ ನಡುಗುತ್ತಿತ್ತು.