ಪ್ರದರ್ಶನಾಲಯದಲ್ಲಿ ಊದಿದ ಕಾಲುಗಳನ್ನು ಮೇಲೆತ್ತಿ ಇಡುವ ಬಗ್ಗೆ

ಪುರಾತನ ಪೀಠೋಪಕರಣ ಹಾಗೂ ತತ್ಸಂಬಂಧಿತ ಧೂಳು ನಿರ್ವಹಣಾ ಇಲಾಖೆ
(ನಿಲುವು ಮತ್ತು ಆಸನ ವಿಭಾಗ)

ಸಂಖ್ಯೆ: ಪುಪೀಧೂ/ನಿಆ/ಕಾಲು (ಎಡ ಮತ್ತು ಬಲ)/೭
ದಿನಾಂಕ: ಸಹಿ ಬಿದ್ದ ದಿನ

ಸುತ್ತೋಲೆ

ವಿಷಯ: ಕರ್ತವ್ಯದ ವೇಳೆಯಲ್ಲಿ ಸಿಬ್ಬಂದಿಯ ಕಾಲು ಊದಿಕೊಳ್ಳುವುದು, ಸದರಿ ಕಾಲನ್ನು ಮೇಲೆತ್ತಿ ಇಡುವುದು ಹಾಗೂ ಇದರಿಂದ ಶಿಸ್ತಿಗೆ ಒದಗುವ ಧಕ್ಕೆಯ ಕುರಿತು.

ಉಲ್ಲೇಖ:
೧. ‘ಪರಿಚಾರಕರು ನಿಂತೇ ಇರತಕ್ಕದ್ದು’ ಎಂಬ ಈ ಕಚೇರಿಯ ಹಿಂದಿನ ಸುತ್ತೋಲೆ.
೨. ಹಾಗೆಂದು ಹೇಳಿದವರು ಯಾರು ಎಂದು ಕೇಳಿ ಬಂದಿರುವ ಪತ್ರ (ಉತ್ತರ ಬಾಕಿ ಇದೆ).
೩. ವೈದ್ಯೆಯೊಬ್ಬರ ಸಲಹಾ ಚೀಟಿ (ಅಕ್ಷರ ಓದಲಾಗದ ಕಾರಣ ವೈದ್ಯೆಯನ್ನೇ ಕರೆಸಿ ಓದಿಸಲಾಗಿದೆ).

ಪ್ರಸ್ತಾವನೆ:

ಈ ಪ್ರದರ್ಶನಾಲಯದ ಮೂರನೇ ಕೋಣೆಯಲ್ಲಿ ಹಳೆಯ ಕಾಲದ ಕುರ್ಚಿ, ಪೀಠ, ಒರಗು ಮಂಚಗಳನ್ನು ಸಾರ್ವಜನಿಕರ ವೀಕ್ಷಣೆಗಾಗಿ ಇರಿಸಲಾಗಿದೆ. ಅವುಗಳ ಮೇಲೆ ಯಾರೂ ಕೂರದಂತೆ ನೋಡಿಕೊಳ್ಳಲು ಓರ್ವ ಪರಿಚಾರಕಿಯನ್ನು ನೇಮಿಸಲಾಗಿದೆ. ದಿನವಿಡೀ ‘ಮುಟ್ಬೇಡಿ, ಮುಟ್ಬೇಡಿ’ ಎನ್ನುತ್ತಿರುವುದರಿಂದ ಸದರಿಯವರು ಸಿಬ್ಬಂದಿಯ ನಡುವೆ ‘ಮುಟ್ಬೇಡಕ್ಕ’ ಎಂದೇ ಪರಿಚಿತರು. ಈ ಊರಿನಲ್ಲಿ ಇಷ್ಟೊಂದು ಆಸನಗಳಿರುವ ಕೋಣೆ ಮತ್ತೊಂದಿಲ್ಲ. ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ಅಲ್ಲಿ ನಿಂತೇ ಇರಬೇಕಾದವರು ಇವರೊಬ್ಬರೇ ಎಂಬುದನ್ನು ಇಲಾಖೆಯು ಇದುವರೆಗೆ ಗಮನಿಸಿರಲಿಲ್ಲ.

ಕೆಲವು ತಿಂಗಳುಗಳಿಂದ ಮುಟ್ಬೇಡಕ್ಕನವರ ಕಾಲುಗಳು ಮಧ್ಯಾಹ್ನದ ಹೊತ್ತಿಗೆ ಭಾರವಾಗಿ, ಸಂಜೆಗೆ ದಿಂಬಿನಂತೆ ಉಬ್ಬುತ್ತಿದ್ದವು. ಬೆಳಿಗ್ಗೆ ಸಲೀಸಾಗಿ ಹೊಕ್ಕ ಬೂಟು ಸಂಜೆ ಕಾಲನ್ನು ಬಿಟ್ಟುಕೊಡುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಇವರು ಬಾಗಿಲ ಚೌಕಟ್ಟನ್ನು ಹಿಡಿದುಕೊಳ್ಳುವುದು, ಬೀಗ ರಿಪೇರಿ ಮಾಡುವ ಪತಿ ನೆಲದ ಮೇಲೆ ಕುಳಿತು ಬೂಟು ಜಗ್ಗುವುದು ರೂಢಿಯಾಗಿತ್ತು. “ಎಂತೆಂಥಾ ಬೀಗ ತೆಗ್ದಿದೀನಿ, ಇದೊಂದು ಜಪ್ಪಯ್ಯ ಅಂದ್ರೂ ಬರ್ತಿಲ್ಲ ನೋಡು” ಎಂದು ನಗುತ್ತಿದ್ದ ಪತಿ ಒಂದು ದಿನ ನಗಲಿಲ್ಲ. ಪಾದದ ಮೇಲೆ ತಮ್ಮ ಹೆಬ್ಬೆರಳು ಊರಿದ ಕಡೆ ಬಿದ್ದ ಗುಳಿ ಹಾಗೆಯೇ ಉಳಿದಿತ್ತು. “ಇದು ಬೂಟಿನ ತಪ್ಪಲ್ಲ. ನಾಳೆನೇ ಡಾಕ್ಟರ್ ಹತ್ರ ಹೋಗೋಣ” ಎಂದರೆಂದು ಮುಟ್ಬೇಡಕ್ಕನವರ ಹೇಳಿಕೆಯಲ್ಲಿ ದಾಖಲಾಗಿದೆ.

ವೈದ್ಯೆಯು ತಪಾಸಣೆ ಮಾಡಿ ತಿಳಿಸಿದ್ದು ಈ ಕೆಳಗಿನಂತಿದೆ: “ರಕ್ತ ಕಾಲಿಗೆ ಇಳಿಯೋಕೆ ಯಾರ ಅಪ್ಪಣೆನೂ ಬೇಡಮ್ಮ. ವಾಪಸ್ ಮೇಲೆ ಹತ್ತಬೇಕಲ್ಲ, ಕಷ್ಟ ಇರೋದು ಅಲ್ಲಿ. ನಡೆದಾಡಿದ್ರೆ ಮೀನಖಂಡ ಹಿಂಡಿ ಮೇಲಕ್ಕೆ ತಳ್ಳತ್ತೆ. ನೀವು ಕಂಬದ ಥರ ನಿಂತ್ಬಿಟ್ರೆ ಯಾರು ತಳ್ತಾರೆ? ರಕ್ತನಾಳದ ಒಳಗಿನ ಕವಾಟಗಳು ಸಡಿಲ ಆಗಿವೆ. ಎಡಗಾಲಲ್ಲಿ ದುಗ್ಧರಸ ಹರಿಯೋ ದಾರಿನೂ ಕಟ್ಟಿಕೊಂಡಿದೆ, ಅದಕ್ಕೇ ಆ ಕಾಲು ಇನ್ನೂ ದಪ್ಪ.” ಬಿಗಿಯಾದ ಕಾಲುಚೀಲ ಧರಿಸುವುದು, ಆಗಾಗ ಅಡ್ಡಾಡುವುದು, ದಿನಕ್ಕೆ ಕೆಲವು ಸಲ ಕಾಲುಗಳನ್ನು ಹೃದಯಕ್ಕಿಂತ ಮೇಲೆ ಇಟ್ಟು ಮಲಗುವುದು, ಚರ್ಮ ಒಡೆಯದಂತೆ ನೋಡಿಕೊಳ್ಳುವುದು ಇತ್ಯಾದಿ ಸೂಚನೆಗಳನ್ನೂ ನೀಡಲಾಯಿತು. “ಹಿಂಗೇ ಬಿಟ್ರೆ ಹುಣ್ಣಾಗತ್ತೆ. ಆಮೇಲೆ ಅದು ವಾಸಿ ಆಗೋಷ್ಟರಲ್ಲಿ ನಿಮ್ಮ ತಾಳ್ಮೆ ಪರೀಕ್ಷೆ ಮಾಡತ್ತೆ” ಎಂದೂ ಎಚ್ಚರಿಸಲಾಯಿತು.

ಮುಟ್ಬೇಡಕ್ಕನವರು ಒಂದು ಕುರ್ಚಿಯನ್ನು ಕೋರಿ ಮೇಲ್ವಿಚಾರಕರಿಗೆ ಅರ್ಜಿ ಸಲ್ಲಿಸಿದರು. ಊತವಿರುವುದಕ್ಕೆ ಪುರಾವೆ ಏನು ಎಂದು ಮೇಲ್ವಿಚಾರಕರು ಕೇಳಿದ್ದು ನಿಯಮಾನುಸಾರವಾಗಿಯೇ ಇದೆ. ಅರ್ಜಿದಾರರು ಅಲ್ಲಿಯೇ ಕಾಲುಚೀಲ ಇಳಿಸಿ, ಕಣಕಾಲಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು ಬಿಟ್ಟರು. ನಾದಿದ ಹಿಟ್ಟಿನಲ್ಲಿ ಬಿದ್ದಂಥ ಗುಳಿಯೊಂದು ಮೇಲ್ವಿಚಾರಕರನ್ನೇ ನೋಡತೊಡಗಿತು. “ಸಾಕು ಸಾಕು, ಮುಚ್ಕೊಳ್ಳಮ್ಮಾ! ಕುರ್ಚಿ ವಿಷಯ ಮೇಲಕ್ಕೆ ಬರೀತೀನಿ” ಎಂದು ಅವರು ಮುಖ ತಿರುಗಿಸಿಕೊಂಡರು. ಮೇಲಕ್ಕೆ ಬರೆದ ಪತ್ರವು ರಕ್ತದಂತೆಯೇ ಮೇಲಕ್ಕೆ ಏರದೆ ಎರಡನೇ ಮೇಜಿನಲ್ಲಿ ನಿಂತಿತು.

ಘಟನೆ:

ಹೀಗಿರುವಲ್ಲಿ, ಊಟದ ವಿರಾಮದ ಒಂದು ಮಧ್ಯಾಹ್ನ ಕೋಣೆ ಖಾಲಿ ಇರುವುದನ್ನು ಖಾತ್ರಿಪಡಿಸಿಕೊಂಡು ಮುಟ್ಬೇಡಕ್ಕನವರು ಪ್ರದರ್ಶನದ ಒರಗು ಮಂಚವನ್ನೇರಿ, ಎರಡೂ ಕಾಲುಗಳನ್ನು ತಲೆ ಒರಗಿಸುವ ಅದರ ಎತ್ತರದ ಅಂಚಿನ ಮೇಲಿಟ್ಟು ಕಣ್ಣು ಮುಚ್ಚಿದರು. ಮಂಚವನ್ನು ಏರುವ ಮುನ್ನ ಅಭ್ಯಾಸಬಲದಿಂದ ತಮಗೆ ತಾವೇ ‘ಮುಟ್ಬೇಡಿ’ ಎಂದು ಹೇಳಿಕೊಂಡಿದ್ದಾಗಿ ಅವರು ಒಪ್ಪಿಕೊಂಡಿರುತ್ತಾರೆ. ಆ ಕ್ಷಣದಲ್ಲಿ ಅವರಿಗಾದ ಹಿತವನ್ನು “ಕಾಲಿಗೆ ಕಟ್ಟಿದ ಬಂಡೆ ಬಿಚ್ಚಿದಂಗಾಯ್ತು” ಎಂದು ವರ್ಣಿಸಿದ್ದು, ಇದು ವಿಚಾರಣೆಗೆ ಅಪ್ರಸ್ತುತವಾದರೂ ಟಿಪ್ಪಣಿಯಲ್ಲಿ ಉಳಿಸಿಕೊಳ್ಳಲಾಗಿದೆ.

ಬಾಗಿಲಿಗೆ ‘ವಿರಾಮ’ ಫಲಕ ಹಾಕಲು ಕಾವಲುಗಾರರು ಮರೆತಿದ್ದರಿಂದ, ಹಿರಿಯ ನಾಗರಿಕರ ತಂಡವೊಂದು ನಿವೃತ್ತ ಮಾಸ್ತರರ ಮುಂದಾಳತ್ವದಲ್ಲಿ ಒಳಗೆ ಬಂದಿತು. ಎದ್ದರೆ ಕೆಲಸ ಹೋಗುತ್ತದೆ, ಏಳದಿದ್ದರೆ ಮರ್ಯಾದೆ ಹೋಗುತ್ತದೆ ಎಂಬ ಇಕ್ಕಟ್ಟಿನಲ್ಲಿ ಮುಟ್ಬೇಡಕ್ಕನವರು ಉಸಿರು ಬಿಗಿಹಿಡಿದು ಬಿದ್ದುಕೊಂಡರು. ಮಾಸ್ತರರು ಕೋಲೆತ್ತಿ ತೋರಿಸಿ, “ಇದು ಮೇಣದ ಬೊಂಬೆ. ಮುಖ ನೋಡಿ, ಜೀವ ಇದ್ದಂಗೇ ಇದೆ. ಕಾಲಲ್ಲಿ ಮಾತ್ರ ಕೆತ್ತಿದವನಿಗೆ ಅಳತೆ ತಪ್ಪಿದೆ” ಎಂದು ವಿವರಿಸಿದರು.

ಇಷ್ಟು ದಿನ ಎಲ್ಲವನ್ನೂ ನುಂಗಿಕೊಂಡಿದ್ದ ಮುಟ್ಬೇಡಕ್ಕನವರಿಗೆ ಈ ಮಾತು ಮಾತ್ರ ತಡೆಯಲಾಗಲಿಲ್ಲ. “ಕೆತ್ತಿದವನ ತಪ್ಪಲ್ಲ ಸಾರ್, ನಿಲ್ಸಿದವರ ತಪ್ಪು” ಎಂದರು.

ಬೊಂಬೆ ಮಾತನಾಡಿದ್ದರಿಂದ ಮಾಸ್ತರರ ಕೋಲು ಕೆಳಗೆ ಬಿತ್ತು.  ಅನಂತರ ತಂಡದ ಅಜ್ಜಿಯೊಬ್ಬರು ಹತ್ತಿರ ಬಂದು ಕಾಲನ್ನು ನೋಡಿ, “ಅಯ್ಯೋ, ನಂದೂ ಹಿಂಗೇ ಕಣಮ್ಮಾ!” ಎನ್ನುತ್ತಾ ಪಕ್ಕದ ಸಿಂಹಮುಖದ ಪೀಠದಲ್ಲಿ ಕುಳಿತು ಚಪ್ಪಲಿ ಬಿಟ್ಟರು. “ನಂದು ಬಲಗಾಲು” ಎಂದು ಇನ್ನೊಬ್ಬರು. “ನಂಗೆ ಹಸಿರು ನರ ಬಳ್ಳಿ ಥರ ಎದ್ದಿದೆ” ಎಂದು ಮತ್ತೊಬ್ಬರು. ನೋಡನೋಡುತ್ತಿದ್ದಂತೆ ಮೂರನೇ ಕೋಣೆಯ ಸಮಸ್ತ ಆಸನಗಳೂ ಭರ್ತಿಯಾದವು. ಗದ್ದಲ ಕೇಳಿ ಮೇಲ್ವಿಚಾರಕರು ಓಡಿಬಂದಾಗ, ಇಲಾಖೆಯ ಅಮೂಲ್ಯ ಸಂಗ್ರಹದ ಮೇಲೆ ಎತ್ತ ನೋಡಿದರತ್ತ ಕಾಲುಗಳೇ ಕಂಡುಬಂದವು. ಎಲ್ಲರೂ ಏಳಬೇಕೆಂದು ಅವರು ಆಜ್ಞಾಪಿಸಿದರು. ಯಾರೂ ಏಳಲಿಲ್ಲ. “ಕೂಗಾಡ್ಬೇಡಪ್ಪಾ, ನೀನೂ ಆ ಸ್ಟೂಲ್ ಎಳ್ಕೊಂಡು ಕೂತ್ಕೋ” ಎಂದು ಅಜ್ಜಿ ಹೇಳಿದರು. ಅದು ಸ್ಟೂಲಲ್ಲ, ಪುರಾತನ ಪಾದಪೀಠವಾಗಿತ್ತು.

ವಿಚಾರಣೆ:

ಮುಟ್ಬೇಡಕ್ಕನವರನ್ನು ಸೇವೆಯಿಂದ ಏಕೆ ತೆಗೆದುಹಾಕಬಾರದು ಎಂದು ಕಾರಣ ಕೇಳಲಾಯಿತು. ವಿಚಾರಣಾ ಸಮಿತಿಯ ಮೂವರೂ ಚಕ್ರವಿರುವ ಕಚೇರಿ ಕುರ್ಚಿಗಳಲ್ಲಿ ಕುಳಿತಿದ್ದರು. ಆಪಾದಿತರನ್ನು ಪದ್ಧತಿಯಂತೆ ನಿಲ್ಲಿಸಲಾಗಿತ್ತು. ಮನೆಯಿಂದ ಹೊರಡುವಾಗ ಇದ್ದ ಹೆದರಿಕೆ, ನಿಂತು ನಿಂತು ಕಾಲು ಬಿಗಿಯತೊಡಗಿದಾಗ ತಾನಾಗಿಯೇ ಇಳಿದುಹೋಯಿತೆಂದು ಅವರು ಆಮೇಲೆ ತಿಳಿಸಿರುತ್ತಾರೆ. ಅವರ ಉತ್ತರ ಯಥಾವತ್ತಾಗಿ ಹೀಗಿದೆ:

“ಮಂಚ ಹತ್ತಿದ್ದು ತಪ್ಪೇ ಸಾರ್. ಅದಕ್ಕೆ ಏನಾದ್ರೂ ಆಗಿದ್ರೆ ನೀವು ರಿಪೇರಿ ಮಾಡಿಸ್ತೀರಿ, ಅದಕ್ಕೊಂದು ವಿಭಾಗನೇ ಇದೆ. ನನ್ ಕಾಲಿಗೆ ಯಾವ ವಿಭಾಗ ಇದೆ ಹೇಳಿ. ಕೆಲಸ ತೆಗೀತೀರಾ, ತೆಗೀರಿ. ಆದ್ರೆ ಇಷ್ಟು ವರ್ಷ ಆ ಕುರ್ಚಿಗಳನ್ನ ನನ್ನವೇ ಅನ್ನೋ ಹಂಗೆ ಕಾದಿದೀನಿ. ನನ್ನನ್ನ ಯಾರೂ ಕಾಯಲಿಲ್ಲ.”

ಸಮಿತಿಯ ಅಧ್ಯಕ್ಷರು ಪೆನ್ನಿನ ಮುಚ್ಚಳವನ್ನು ಹಲವು ಸಲ ತೆಗೆದು ಮತ್ತೆ ಹಾಕಿದರು. ಆಮೇಲೆ, ಯಾವ ನಿಯಮದಡಿ ಎಂದು ಇನ್ನೂ ಪತ್ತೆಯಾಗಿಲ್ಲ, ತಾವೇ ಎದ್ದು ತಮ್ಮ ಕುರ್ಚಿಯನ್ನು ಮೇಜಿನ ಆ ಕಡೆ ನಿಂತಿದ್ದ ಆಪಾದಿತರತ್ತ ತಳ್ಳಿದರು. ಉಳಿದ ವಿಚಾರಣೆಯನ್ನು ಅಧ್ಯಕ್ಷರು ನಿಂತೇ ನಡೆಸಿ, ಬಹಳ ಬೇಗ ಮುಗಿಸಿದರು.

ಆದೇಶ:

ಮೇಲ್ಕಂಡ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಪಟ್ಟ ಎಲ್ಲ ಕಾಲುಗಳ ಅವಗಾಹನೆಗೆ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

೧. ಮುಟ್ಬೇಡಕ್ಕನವರನ್ನು ಕರ್ತವ್ಯದಲ್ಲಿ ಮುಂದುವರಿಸಲಾಗಿದೆ. ಮೂರನೇ ಕೋಣೆಗೆ ಕುರ್ಚಿ ಒಂದನ್ನು ಮಂಜೂರು ಮಾಡಿ ಈಗಾಗಲೇ ಹಾಕಿಸಲಾಗಿದೆ.

೨. ಸದರಿ ಕುರ್ಚಿಯನ್ನು ಸಾರ್ವಜನಿಕರು ಮೆಚ್ಚಿ ಫೋಟೋ ತೆಗೆಯುತ್ತಿರುವುದರಿಂದ, ಅದಕ್ಕೆ ‘ಇದು ಪ್ರದರ್ಶನ ವಸ್ತುವಲ್ಲ’ ಎಂಬ ಫಲಕ ತೂಗುಹಾಕತಕ್ಕದ್ದು. ಪರಿಚಾರಕಿಯು ವಿಶ್ರಮಿಸುವಾಗ ಅಂಥದ್ದೇ ಇನ್ನೊಂದು ಫಲಕವನ್ನು ತಾವೂ ಧರಿಸತಕ್ಕದ್ದು.

೩. ವೈದ್ಯಕೀಯ ಸಲಹೆಯಲ್ಲಿನ ‘ಹೃದಯಕ್ಕಿಂತ ಮೇಲೆ’ ಎಂಬುದರಲ್ಲಿ ಹೃದಯವೆಂದರೆ ನೌಕರರ ಸ್ವಂತ ಹೃದಯವೆಂದು ಸ್ಪಷ್ಟಪಡಿಸಲಾಗಿದೆ. ಮೇಲಧಿಕಾರಿಗಳ ಹೃದಯವನ್ನು ಅಳತೆಗೆ ತೆಗೆದುಕೊಳ್ಳತಕ್ಕದ್ದಲ್ಲ. ಅದು ಎಲ್ಲಿದೆ ಎಂದು ವಿಚಾರಿಸಿ ಬಂದ ಪತ್ರಗಳನ್ನು ಪುರಸ್ಕರಿಸಲಾಗುವುದಿಲ್ಲ.

೪. ರಕ್ತವು ಕಾಲಿನಲ್ಲಿ ತಂಗದಂತೆ ಪರಿಚಾರಕರು ಆಗಾಗ ಅಡ್ಡಾಡತಕ್ಕದ್ದು. ಅಡ್ಡಾಡುವಾಗ ಕೆಲಸವಿದ್ದವರಂತೆ ಕಾಣತಕ್ಕದ್ದು. ಈ ಬಗ್ಗೆ ತರಬೇತಿ ಬೇಕಾದವರು ಮೊದಲನೇ ಮಹಡಿಯ ಸಿಬ್ಬಂದಿಯನ್ನು ಸಂಪರ್ಕಿಸುವುದು.

೫. ಊತವನ್ನು ಬೆರಳೊತ್ತಿ ರುಜುವಾತುಪಡಿಸುವಾಗ ಸ್ವಂತ ಬೆರಳನ್ನೇ ಬಳಸತಕ್ಕದ್ದು. ಬಿದ್ದ ಗುಳಿಯು ಇಲಾಖೆಯ ಆಸ್ತಿಯಲ್ಲ. ಅದನ್ನು ತುಂಬಿಸಲು ಲೋಕೋಪಯೋಗಿ ವಿಭಾಗಕ್ಕೆ ಬರೆಯುವ ಅಗತ್ಯವಿಲ್ಲ.

೬. ಬಿಗಿ ಕಾಲುಚೀಲವನ್ನು ಸಮವಸ್ತ್ರದ ಭಾಗವೆಂದು ಪರಿಗಣಿಸಲಾಗಿದೆ. ಅದನ್ನು ಏರಿಸಲು ಬೆಳಗಿನ ಹೊತ್ತು ಮನೆಯವರ ನೆರವು ಪಡೆಯಬಹುದು. ಏರಿಸುವಾಗ ಆಡಿದ ಮಾತುಗಳಿಗೆ ನಡತೆ ನಿಯಮಗಳು ಅನ್ವಯಿಸುವುದಿಲ್ಲ.

೭. ಒಂದೇ ಕಾಲು ಹಠಾತ್ತನೆ ಊದಿ, ಕೆಂಪೇರಿ, ನೋಯತೊಡಗಿದರೆ ಅಥವಾ ಉಸಿರು ಕಟ್ಟಿದಂತಾದರೆ ನೌಕರರು ಯಾರ ಅನುಮತಿಗೂ ಕಾಯದೆ ಆಸ್ಪತ್ರೆಗೆ ಧಾವಿಸತಕ್ಕದ್ದು. ಈ ಸುತ್ತೋಲೆಯಲ್ಲಿ ತಮಾಷೆಗೆ ಅವಕಾಶವಿಲ್ಲದ ಕಲಂ ಇದೊಂದೇ ಎಂದು ವೈದ್ಯೆಯು ಬರೆಸಿರುತ್ತಾರೆ. ಉಳಿದ ಕಲಂಗಳಲ್ಲಿ ತಮಾಷೆ ಎಲ್ಲಿದೆ ಎಂದು ಇಲಾಖೆಗೆ ತಿಳಿದುಬಂದಿಲ್ಲ.

೮. ಹಿರಿಯ ನಾಗರಿಕರ ತಂಡವು ಪ್ರತಿ ವಾರ ಬಂದು ಕೂರುವುದಾಗಿ ತಿಳಿಸಿದ್ದು, ಅದನ್ನು ತಡೆಯುವ ಹೊಣೆಯನ್ನು ಮೇಲ್ವಿಚಾರಕರಿಗೆ ವಹಿಸಲಾಗಿದೆ. ತಡೆಯಲಾಗದಿದ್ದಲ್ಲಿ ಬೆಂಚುಗಳನ್ನು ಒದಗಿಸುವುದು. ಬೆಂಚುಗಳನ್ನು ಈಗಾಗಲೇ ತರಿಸಲಾಗಿದೆ.

(ಸಹಿ ಓದಲಾಗುತ್ತಿಲ್ಲ)
ಉಪನಿರ್ದೇಶಕರು
ನಿಲುವು ಮತ್ತು ಆಸನ ವಿಭಾಗ

ಪ್ರತಿಗಳು:
೧. ಮೇಲ್ವಿಚಾರಕರಿಗೆ, ಪಾದಪೀಠದಿಂದ ಎದ್ದ ನಂತರ ಅಗತ್ಯ ಕ್ರಮಕ್ಕಾಗಿ.
೨. ವೈದ್ಯೆಗೆ, ಸ್ಪಷ್ಟ ಅಕ್ಷರದ ಮಾದರಿಯಾಗಿ.
೩. ನಿವೃತ್ತ ಮಾಸ್ತರರಿಗೆ, ಅವರ ಕೋಲಿನೊಂದಿಗೆ.
೪. ಬೀಗ ರಿಪೇರಿಯವರಿಗೆ, ವಂದನೆಗಳೊಂದಿಗೆ.
೫. ಮೂರನೇ ಕೋಣೆಯ ಪರಿಚಾರಕಿಗೆ, ಕುಳಿತುಕೊಂಡು ಓದಲು.